ಮನೆಯೊಳಗಿನ ಕಡಲು

ಹುಕ್ಕೇರಿಯ ಗೃಹಸ್ಥರೊಬ್ಬರು ಬರೆದ ದೀರ್ಘವಾದ ಪತ್ರವೊಂದು ಈ ತಿಂಗಳ ನಮ್ಮ ಬರಹಕ್ಕೆ ವಿಷಯವನ್ನೊದಗಿಸಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗನು ದೀಪಾವಳಿಗೆ ಊರಿಗೆ ಬಂದಾಗ 200 ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿ, ಕಡಲುಪ್ಪಿನ ಚೀಲ, ತೂತುತೂತಾದ ಕೃತಕ ಕಲ್ಲುಗಳು, ಒಂದು ಸಣ್ಣ ಪಂಪು, ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟೆಯುಳ್ಳ ನಾಲ್ಕು ಮೀನುಗಳು, ಇಷ್ಟನ್ನೂ ತಂದು ಪಡಸಾಲೆಯಲ್ಲಿ ಹೂಡಿ, ನಾಲ್ಕು ದಿನವಿದ್ದು ಹೊರಟುಹೋದನಂತೆ. ಮೂರು ವಾರ ತುಂಬುವಷ್ಟರಲ್ಲಿ ನಾಲ್ಕೂ ಮೀನುಗಳು ಸತ್ತವು. ಮೊಮ್ಮಗಳು ಎರಡು ಹೊತ್ತು ಊಟವನ್ನು ಬಿಟ್ಟಳು. “ಶುಚಿತ್ವದಲ್ಲಿ ನಮ್ಮಿಂದ ಲೋಪವಾಗಿಲ್ಲ. ನಾಲ್ಕು ದಿನಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಕಲ್ಲು ಮರಳುಗಳನ್ನೆಲ್ಲ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದು, ಹೊಸ ಉಪ್ಪುನೀರು ತುಂಬಿದ್ದೇವೆ. ಇದು ನಮ್ಮೂರ ನೀರಿನ ದೋಷವೋ, ಆ ಪ್ರಾಣಿಗಳ ಆಯುಷ್ಯವೇ ಅಷ್ಟೋ?” ಎಂದು ಕೇಳಿದ್ದಾರೆ.

ಎರಡೂ ಅಲ್ಲ. ಆ ಜಾತಿಯ ಮೀನು ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೀರಿ ಬದುಕತಕ್ಕದ್ದು. ಅವನ್ನು ಕೊಂದದ್ದು ಆ ತೊಳೆಯುವಿಕೆಯೇ ಎಂದು ಹೇಳಲು ನಮಗೆ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಪತ್ರವು ಒಬ್ಬರದಾದರೂ ಸಂಶಯವು ಹಲವರದಾಗಿರಬಹುದಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ. ನಾವಾದರೋ ಕಡಲಿಗೆ ಬೆನ್ನುಹಾಕಿದ ಹೊಳೆಯ ದಂಡೆಯವರು. ಘಟಪ್ರಭೆಯು ಪಶ್ಚಿಮಸಮುದ್ರದ ಸಮೀಪದಲ್ಲಿಯೇ ಸಹ್ಯಾದ್ರಿಯಲ್ಲಿ ಹುಟ್ಟಿಯೂ ಅತ್ತ ತಿರುಗದೆ, ಹುಕ್ಕೇರಿ ಗೋಕಾಕಗಳ ಸೀಮೆಯನ್ನು ಹಾಯ್ದು, ಕೃಷ್ಣೆಯನ್ನು ಕೂಡಿ, ಪೂರ್ವಸಮುದ್ರಕ್ಕೆ ಹೋಗುವಳು. ಹೀಗಿರುವ ನಾಡಿನಲ್ಲಿ ಕಡಲು ಚೀಲದಲ್ಲಿ ಬಂದು ಪಡಸಾಲೆಯಲ್ಲಿ ಕುಳಿತರೆ ಅದರ ಸ್ವಭಾವವು ನಮಗೆ ಅಪರಿಚಿತವೆನಿಸುವುದು ಸಹಜ. ಆದರೆ ಅದರ ಮರ್ಮಗಳಲ್ಲಿ ಬಹುಪಾಲು ನಮ್ಮ ಹೊಳೆ, ಹೊಲ, ಅಡಿಗೆಮನೆಗಳಲ್ಲಿಯೇ ಇವೆ.

ಮೊದಲು ಕೊಳೆಯ ವಿಚಾರ. ಮೀನು ತಿಂದ ಆಹಾರದ ಶೇಷವು ಮಲವಾಗಿ ಬೀಳುವುದನ್ನು ನಾವು ಕಾಣುತ್ತೇವೆ. ಕಾಣದೆ ಹೋಗುವ ಕೊಳೆಯೇ ಹೆಚ್ಚು ಅಪಾಯದ್ದು. ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯಾವನ್ನು ಹೊರಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅದನ್ನೇ ಹುಟ್ಟಿಸುತ್ತದೆ. ಕಡಲಿನ ನೀರು ಸ್ವಭಾವತಃ ಕ್ಷಾರಗುಣವುಳ್ಳದ್ದು. ಅಂತಹ ನೀರಿನಲ್ಲಿ ಅಮೋನಿಯಾದ ವಿಷವು ಸಿಹಿನೀರಿನಲ್ಲಿರುವುದಕ್ಕಿಂತ ತೀಕ್ಷ್ಣವಾಗಿರುತ್ತದೆ. ನೀರು ಹರಳಿನಂತೆ ತಿಳಿಯಾಗಿ ತೋರಿದರೂ ಮೀನಿಗೆ ಅದು ಹೊಗೆ ತುಂಬಿದ ಕೋಣೆಯಂತೆ ಇರಬಹುದು.

ಈ ವಿಷವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳುಂಟು. ಒಂದು ಕುಲದವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಕುಲದವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಮಿತಿಯಲ್ಲಿದ್ದರೆ ಮೀನಿಗೆ ಸಹ್ಯ. ನೆಲದೊಳಗೆ ನಡೆಯುವ ಈ ಕಾರ್ಯವು ಎರಡು ಬೇರೆ ಜೀವಿಗಳ ಕೆಲಸವೆಂಬುದನ್ನು ರಷ್ಯಾದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು 1890ರ ಸುಮಾರಿಗೆ ತೋರಿಸಿಕೊಟ್ಟನು. ನಮ್ಮ ಹೊಲಗಳಲ್ಲಿ ಗೊಬ್ಬರವು ಪೈರಿಗೆ ದಕ್ಕುವುದು ಇವುಗಳಿಂದಲೇ. ತೊಟ್ಟಿಯಲ್ಲಿ ಇವು ನೀರಿನಲ್ಲಿ ತೇಲಾಡಿಕೊಂಡಿರುವುದು ಅತ್ಯಲ್ಪ. ಕಲ್ಲಿನ ರಂಧ್ರ, ಮರಳಿನ ಕಣ, ಸೋಸುವ ಸ್ಪಂಜುಗಳಿಗೆ ಜಿಗುಟಾದ ತೆಳುಪೊರೆಯಾಗಿ ಅಂಟಿಕೊಂಡು ಬಾಳುತ್ತವೆ. ಹುಕ್ಕೇರಿಯ ಮಹನೀಯರು ನಾಲ್ಕು ದಿನಕ್ಕೊಮ್ಮೆ ತಿಕ್ಕಿ ತೊಳೆದದ್ದು ಆ ಪೊರೆಯನ್ನು! ತಿಕ್ಕಿದಾಗ ಉಳಿದದ್ದನ್ನು ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮುಗಿಸಿತು. ಹಾಲಿನ ಗಡಿಗೆಯನ್ನು ಬೂದಿ ಹಚ್ಚಿ ಬೆಳಗಿ, ಹೆಪ್ಪನ್ನು ಹಾಕದೆ, ಬೆಳಗಾಗುವಷ್ಟರಲ್ಲಿ ಮೊಸರಾಗಲಿಲ್ಲವೆಂದು ಎಮ್ಮೆಯನ್ನು ಬಯ್ದರೆ ಮನೆಯ ಹಿರಿಯ ಹೆಂಗಸರು ನಗಲಾರರೇ? ಕಲ್ಲೂ ಮರಳೂ ತೊಟ್ಟಿಯ ಹೆಪ್ಪು.

ಈ ಹೆಪ್ಪು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಆದಕಾರಣ ಪತ್ರ ಬರೆದವರು ಈಗಲೇ ಹೊಸ ಮೀನುಗಳನ್ನು ತರಿಸತಕ್ಕದ್ದಲ್ಲ. ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಪಂಪನ್ನು ನಡೆಯಿಸುತ್ತ, ಒಂದು ಚಿಟಿಕೆ ಮೀನಿನ ಆಹಾರವನ್ನು ಆಗಾಗ ಹಾಕಿ ಕೊಳೆಯಗೊಡಲಿ. ಅಮೋನಿಯಾವನ್ನೂ ನೈಟ್ರೈಟನ್ನೂ ಬಣ್ಣದಿಂದ ತಿಳಿಸುವ ಪರೀಕ್ಷೆಯ ದ್ರವಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡೂ ಏರಿ, ಇಳಿದು, ಸೊನ್ನೆಗೆ ಬಂದು ಒಂದು ವಾರ ಅಲ್ಲಿಯೇ ನಿಂತ ಮೇಲೆ ಮೀನು ಬರಲಿ, ನಾಲ್ಕಲ್ಲ, ಎರಡು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು, ಎಂದರೆ 20 ಲೀಟರು ನೀರನ್ನು ಕೊಳವೆಯಿಂದ ಎಳೆದು ತೆಗೆದು, ಅಷ್ಟೇ ಹೊಸ ಉಪ್ಪುನೀರನ್ನು ತುಂಬಿದರೆ ಸಾಕು. ಕೂಡಿಬರುವ ನೈಟ್ರೇಟು ಇದರಿಂದ ತಗ್ಗುತ್ತದೆ. ಸ್ಪಂಜು ಕಟ್ಟಿಕೊಂಡಿದ್ದರೆ ತೆಗೆದ ಆ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಬೇಕೇ ಹೊರತು ನಲ್ಲಿಯ ಕೆಳಗೆ ಹಿಡಿಯಕೂಡದು. ಸಾಬೂನಂತೂ ಸರ್ವಥಾ ನಿಷಿದ್ಧ.

ಇನ್ನು ಹರಿವಿನ ಮಾತು. ನಮ್ಮ ಅಭಿಪ್ರಾಯದಲ್ಲಿ ಜನರು ಎಲ್ಲಕ್ಕಿಂತ ಹೆಚ್ಚು ಅಲಕ್ಷಿಸುವುದು ಇದನ್ನೇ. ಸೂಕ್ಷ್ಮಜೀವಿಗಳು ಎಷ್ಟೇ ಇದ್ದರೂ ಕೊಳೆಯು ಅವುಗಳ ಬಳಿಗೆ ಹೋಗಬೇಕು, ಪ್ರಾಣವಾಯುವೂ ಅವುಗಳಿಗೆ ಮುಟ್ಟಬೇಕು. ಈ ಎರಡನ್ನೂ ಹೊತ್ತು ತಿರುಗುವುದು ಚಲಿಸುವ ನೀರು. ಗೋಕಾಕ ಸೀಮೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಹೊಳೆಯನ್ನು ಜಲಾಶಯವು ತಡೆದಿದೆ. ಕೆಳಗೆ ಧೂಪದಾಳದಲ್ಲಿ 1897ರ ಒಡ್ಡು ಮತ್ತೊಮ್ಮೆ ತಡೆದಿದೆ. ನಿಂತಲ್ಲಿ ನೀರು ತಾನು ಹೊತ್ತು ತಂದ ಮಣ್ಣನ್ನು ಕೆಳಗಿಳಿಸುತ್ತದೆ. ಧೂಪದಾಳದ ಹಿನ್ನೀರಿನ ಹೂಳಿನ ಮೇಲೆ ಜೊಂಡು ಬೆಳೆದು ನೀರಹಕ್ಕಿಗಳಿಗೆ ಆಶ್ರಯವಾಗಿದೆ. ಅದೇ ನೀರು ಮುಂದೆ ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರು ಧುಮುಕುವಾಗ ಆ ಬಂಡೆಯ ಅಂಚಿನಲ್ಲಿ ಹಿಡಿ ಕೆಸರೂ ನಿಲ್ಲದು. 2019ರ ಆಗಸ್ಟಿನಲ್ಲಿ ಗೋಕಾಕಕ್ಕೆ ಮಹಾಪೂರ ಬಂದು ಇಳಿದಾಗ ತಗ್ಗಿನ ಮನೆಯವರು ಕಂಡದ್ದೂ ಇದನ್ನೇ: ನೀರು ರಭಸದಿಂದ ಹಾಯ್ದ ಓಣಿಯ ನಡುವೆ ಕಲ್ಲು ತೊಳೆದಂತಿತ್ತು, ಕೆಸರೆಲ್ಲ ಕೋಣೆಗಳ ಮೂಲೆಗಳಲ್ಲಿ ತುಂಬಿತ್ತು.

ತೊಟ್ಟಿಯಲ್ಲಿಯೂ ಹಾಗೆಯೇ. ಒಂದೇ ಪಂಪು ಒಂದೇ ದಿಕ್ಕಿಗೆ ಊದುತ್ತಿದ್ದರೆ ಅದರ ಎದುರಿಗೆ ಜಲಪಾತ, ಕಲ್ಲಿನ ಹಿಂಬದಿಗೆ ಧೂಪದಾಳ! ಆ ಹಿಂಬದಿಯ ಮಡುವಿನಲ್ಲಿ ಕಂದುಬಣ್ಣದ ಗಸಿಯು ದಿನದಿನಕ್ಕೂ ಕೂಡುತ್ತ ಹೋಗಿ, ಕೊಳೆತು, ನೀರಿನ ಪ್ರಾಣವಾಯುವನ್ನು ತಾನೇ ಹೀರಿ, ಪಾಚಿಗೆ ಗೊಬ್ಬರವಾಗುತ್ತದೆ. ಮುಂದೆ ನಿಂತು ನೋಡುವವರಿಗೆ ತೊಟ್ಟಿಯು ಚೆಂದವಾಗಿಯೇ ಕಾಣುತ್ತಿರುತ್ತದೆ.

ಉತ್ತರಕನ್ನಡದ ಮುರುಡೇಶ್ವರದ ಎದುರಿಗೆ ಕಡಲೊಳಗಿರುವ ನೇತ್ರಾಣಿ ನಡುಗಡ್ಡೆಯ ಸುತ್ತ ನೀರಿನಡಿಯಲ್ಲಿ ಹವಳವು ಬೆಳೆದಿದೆ. ಅಲ್ಲಿ ಗುಡಿಸುವವರು ಯಾರೂ ಇಲ್ಲ. ಹವಳವು ಕಲ್ಲಿಗೆ ಅಂಟಿದ ಪ್ರಾಣಿ. ಆಹಾರವನ್ನು ಹುಡುಕಿ ಹೋಗಲಾರದು, ಹೊಲಸಿನಿಂದ ದೂರ ಸರಿಯಲೂ ಆರದು. ತೆರೆಯು ಒಮ್ಮೆ ಅತ್ತ, ಒಮ್ಮೆ ಇತ್ತ ತಳ್ಳುತ್ತ, ಉಬ್ಬರವಿಳಿತಗಳು ದಿಕ್ಕನ್ನು ಬದಲಿಸುತ್ತ, ಅದಕ್ಕೆ ಉಣಿಸುವ ಕೆಲಸವನ್ನೂ ಅಂಗಳ ಗುಡಿಸುವ ಕೆಲಸವನ್ನೂ ಒಟ್ಟಿಗೆ ಮಾಡುತ್ತವೆ. ದಿಕ್ಕು ಬದಲಾಗುವುದೇ ಇಲ್ಲಿ ಮುಖ್ಯ. ಕಾಲುವೆಯಂತೆ ಒಂದೇ ಕಡೆಗೆ ಹರಿಯುವ ನೀರು ಎಷ್ಟು ಬಿರುಸಾದರೂ ತನ್ನ ಮಡುಗಳನ್ನು ಉಳಿಸಿಕೊಳ್ಳುತ್ತದೆ.

ಆದ್ದರಿಂದ ತೊಟ್ಟಿಯ ಎರಡು ಬದಿಗಳಲ್ಲಿ ಎರಡು ಸಣ್ಣ ಪಂಪುಗಳನ್ನಿರಿಸಿ, ಅವುಗಳ ಧಾರೆಗಳು ನಡುವೆ ಓರೆಯಾಗಿ ಕೂಡಿ ಕದಡುವಂತೆ ಮಾಡಬೇಕು. ಮೀನು ಕಲ್ಲುಗಳು ಮಾತ್ರವಿರುವ ತೊಟ್ಟಿಗೆ ಗಂಟೆಗೆ ಅದರ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಹರಿವು ಸಾಕೆನ್ನುವರು; 200 ಲೀಟರಿಗೆ ಎರಡೂ ಪಂಪುಗಳಿಂದ ಕೂಡಿ 2000ದಿಂದ 4000 ಲೀಟರು. ಒಂದರ ಮುಖ ಸ್ವಲ್ಪ ಮೇಲಕ್ಕಿದ್ದು ನೀರಿನ ಮೈಯನ್ನು ಅಲುಗಿಸುತ್ತಿರಬೇಕು. ಪ್ರಾಣವಾಯುವು ನೀರನ್ನು ಹೊಗುವುದು ಆ ಅಲುಗುವ ಮೈಯಿಂದಲೇ. ಉಪ್ಪುನೀರು ಸಿಹಿನೀರಿಗಿಂತ ಕಡಮೆ ಪ್ರಾಣವಾಯುವನ್ನು ಹಿಡಿಯುತ್ತದೆ, ಬಿಸಿಯಾದರೆ ಇನ್ನೂ ಕಡಮೆ. ನಮ್ಮ ಏಪ್ರಿಲ್ ಮೇ ತಿಂಗಳುಗಳ ಬೇಗೆಯನ್ನು ನೆನೆದರೆ ಈ ಮಾತಿನ ತೂಕವು ತಿಳಿದೀತು. ತೊಟ್ಟಿಯ ನೀರು 24ರಿಂದ 27 ಡಿಗ್ರಿಯೊಳಗಿರುವುದು ಲೇಸು. ಕಲ್ಲುಗಳನ್ನು ಹಿಂದಿನ ಗಾಜಿಗೆ ಒತ್ತಿ ಗೋಡೆ ಕಟ್ಟಿದಂತೆ ಪೇರಿಸದೆ, ಸುತ್ತಲೂ ಕೈ ತೂರುವಷ್ಟು ಎಡೆ ಬಿಟ್ಟು, ನಡುನಡುವೆ ಕಮಾನುಗಳಂತೆ ಬಿಡಬೇಕು. ಮೀನು ಧಾರೆಯ ಎದುರಿಗೆ ಸದಾ ಈಸುತ್ತ ದಣಿಯುವಂತಿರಲೂ ಬಾರದು; ಅದು ಮಲಗಲು ಒಂದು ಶಾಂತವಾದ ಸಂದು ಬೇಕು.

ಮಡುಗಳು ಎಲ್ಲಿವೆಯೆಂದು ಕಂಡುಹಿಡಿಯುವ ಉಪಾಯ ಸುಲಭ. ರಾತ್ರಿ ದೀಪವಾರಿಸಿದ ಮೇಲೆ ಬ್ಯಾಟರಿಯನ್ನು ಬದಿಯಿಂದ ಹಿಡಿದು ನೋಡಿದರೆ ತೇಲುವ ಕಣಗಳ ಓಟವೆಲ್ಲ ಕಾಣುವುದು. ಎಲ್ಲಿ ಕಣಗಳು ನಿಂತು ಕೆಳಗಿಳಿಯುವವೋ ಅಲ್ಲಿಗೆ ಪಂಪಿನ ಮುಖವನ್ನು ಬೆರಳಷ್ಟು ತಿರುಗಿಸಬೇಕು. ಎಷ್ಟು ತಿರುಗಿಸಿದರೂ ಒಂದೆರಡು ಮೂಲೆಗಳು ಉಳಿದೇ ಉಳಿಯುವವು. ಅಲ್ಲಿಯ ಗಸಿಯನ್ನು ವಾರಕ್ಕೊಮ್ಮೆ ನೀರು ತೆಗೆಯುವ ಮುಂಚೆ ಹೊಸ ಪಿಚಕಾರಿಯೊಂದರಿಂದ ಊದಿ ಎಬ್ಬಿಸಿ, ಅದು ತೇಲುತ್ತಿರುವಾಗಲೇ ಕೊಳವೆಯಿಂದ ಎಳೆದುಬಿಡಬೇಕು. ಮರಳನ್ನು ಮೇಲ್ಮೇಲೆ ಕೆದಕಿದರೆ ಸಾಕು. ತಳದವರೆಗೆ ಒಮ್ಮೆಲೆ ಉತ್ತರೆ ಅಡಗಿದ್ದ ವಿಷವೆಲ್ಲ ಒಟ್ಟಿಗೆ ಏಳುವುದು.

ಕೊಳೆಯು ಕೊಳೆತು ಅಮೋನಿಯಾ ಆಗುವ ಮುಂಚೆಯೇ ಅದನ್ನು ಹೊರಹಾಕುವ ಉಪಕರಣವೊಂದುಂಟು. ಅಂಗಡಿಯವರು ಸ್ಕಿಮ್ಮರ್ ಎನ್ನುವರು. ನೀಳವಾದ ಕೊಳವೆಯಲ್ಲಿ ಉಪ್ಪುನೀರಿಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳನ್ನು ಬೆರೆಸಿದರೆ, ನೀರಿನಲ್ಲಿ ಕರಗಿರುವ ಜಿಡ್ಡಿನಂಥ ಕೊಳೆಯು ಗುಳ್ಳೆಯ ಮೈಗೆ ಹತ್ತಿಕೊಂಡು ಮೇಲೇರಿ, ನೊರೆಯಾಗಿ ಬಟ್ಟಲಿಗೆ ಬೀಳುತ್ತದೆ. ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆಯನ್ನು ಹಾಕಿ, ಮೇಲೆ ಬಂದ ಕರಿಯ ನೊರೆಯನ್ನು ಜಾಲಿಸಟ್ಟುಗದಿಂದ ತೆಗೆಯುವುದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ತತ್ತ್ವವು ಅದಕ್ಕೆ ಸಮೀಪದ್ದೇ. ಸಿಹಿನೀರಿನಲ್ಲಿ ಗುಳ್ಳೆಗಳು ದೊಡ್ಡವಾಗಿ ಒಡೆದುಹೋಗುವುದರಿಂದ ಈ ಯುಕ್ತಿಯು ಉಪ್ಪುನೀರಿಗೇ ಮೀಸಲು. ಬಟ್ಟಲಿನಲ್ಲಿ ಕೂಡಿದ ಕಷಾಯದ ವಾಸನೆಯನ್ನು ಒಮ್ಮೆ ನೋಡಿದವರು ಅದು ತೊಟ್ಟಿಯಲ್ಲಿಯೇ ಉಳಿದಿದ್ದರೆ ಏನಾಗುತ್ತಿತ್ತೆಂದು ಮತ್ತೆ ಕೇಳುವುದಿಲ್ಲ.

ಉಪ್ಪಿನ ಬಗೆಗೆ ಮೂಡಲಗಿಯ ಕಡೆಯ ರೈತರು ನಮಗೇ ಪಾಠ ಹೇಳಬಲ್ಲರು. ಘಟಪ್ರಭಾ ಎಡದಂಡೆ ಕಾಲುವೆ ಬಂದ ಕರಿನೆಲಗಳಲ್ಲಿ, ನೀರು ಕೊಟ್ಟದ್ದು ಹೆಚ್ಚಾಗಿ, ಬಸಿದು ಹೋಗಲು ದಾರಿಯಿಲ್ಲದೆ, ಎಷ್ಟೋ ಹೊಲಗಳು ಸವಳು ಜವಳಾದವು. ನೀರು ಆವಿಯಾಗಿ ಹಾರಿತು, ಉಪ್ಪು ಹಾರಲಿಲ್ಲ. ತೊಟ್ಟಿಯಲ್ಲಿಯೂ ಅದೇ ನ್ಯಾಯ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 200 ಲೀಟರಿಗೆ 7 ಕಿಲೊ. ಬೇಸಗೆಯ ಹತ್ತು ದಿನಗಳಲ್ಲಿ 20 ಲೀಟರು ಹಾರಿತೆನ್ನೋಣ. ಆ ಕೊರತೆಯನ್ನು ತಿಳಿಯದವರು ಉಪ್ಪುನೀರಿನಿಂದಲೇ ತುಂಬಿದರೆ ತೊಟ್ಟಿಯಲ್ಲಿ ಉಪ್ಪು 7.7 ಕಿಲೊ ಆಗಿ, ಲೀಟರಿಗೆ 38.5 ಗ್ರಾಂ ಬೀಳುತ್ತದೆ. ಇನ್ನೆರಡು ಬಾರಿ ಹೀಗಾದರೆ ಮೀನಿನ ಪಾಡೇನು? ಹಾರಿದ್ದಕ್ಕೆ ಸಿಹಿನೀರು, ನಾವೇ ತೆಗೆದದ್ದಕ್ಕೆ ಉಪ್ಪುನೀರು, ಎಂಬುದು ನಿಯಮ. ಸಿಹಿನೀರೂ ನಮ್ಮ ಕೊಳವೆಬಾವಿಯ ಗಡುಸುನೀರಾಗಿರದೆ ಶುದ್ಧೀಕರಣ ಯಂತ್ರದಿಂದ ಇಳಿದ ನೀರಾಗಿರಲಿ. ಅಡಿಗೆಯ ಉಪ್ಪು ಇದಕ್ಕೆ ಒದಗದು. ಕಡಲಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಅದರಲ್ಲಿ ಇರುವುದಿಲ್ಲ.

ಕೊಳೆಯ ಮೂಲವು ನಾವು ಹಾಕುವ ತುತ್ತಿನಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ; ಕಡಲ ಮೀನುಗಳು, ಹೊಳೆಯ ಮೀನುಗಳು, ಅವುಗಳಿಗೆ ಒಡ್ಡುವ ತುತ್ತುಗಳು, ಎಲ್ಲವನ್ನೂ ಹನ್ನೆರಡನೆಯ ಶತಮಾನದ ಆ ದೊರೆಯು ವರ್ಣಿಸಿದ್ದಾನೆ. ಅವನು ಉಣಿಸಿದ್ದು ಗಾಳದಿಂದ ಹಿಡಿಯುವುದಕ್ಕೆ. ನಮ್ಮ ಮನೆಗಳಲ್ಲಿ ಅಕ್ಕರೆಯಿಂದ ಉಣಿಸಿಯೇ ಕೊಲ್ಲುವರು! ಮನೆಗೆ ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕಿ ಮೀನು ಏಳುವುದನ್ನು ನೋಡುವ ರೂಢಿಯನ್ನು ಮನೆಯೊಡತಿಯು ಖಂಡಿತವಾಗಿ ನಿಲ್ಲಿಸಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು, ದಿನಕ್ಕೆ ಒಂದೆರಡು ಸಲ, ಒಬ್ಬರೇ ಹಾಕಬೇಕು. ಒಂದು ದಿನ ಉಪವಾಸವಾದರೆ ಆರೋಗ್ಯವಂತ ಮೀನಿಗೆ ಏನೂ ಆಗದು.

ಮಗನು ಮುಂದಿನ ಸಲ ಜೀವಂತ ಹವಳವನ್ನು ತರುವೆನೆಂದು ಹೇಳಿದ್ದಾನೆಂದು ಪತ್ರದ ಕೊನೆಯಲ್ಲಿದೆ. ಬೇಡವೆಂದು ಇಂದೇ ತಿಳಿಸಿರಿ. ಕಲ್ಲುಹವಳಗಳೆಲ್ಲವೂ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿವೆ. ಹುಲಿಗೆ ಯಾವ ರಕ್ಷಣೆಯೋ ಇವಕ್ಕೂ ಅದೇ. ಕಡಲಿನಿಂದ ಕಿತ್ತ ಹವಳದ ಬಂಡೆಗೂ ಕಡಲಕುದುರೆಗೂ ಈ ಮಾತು ಸಲ್ಲುತ್ತದೆ. ಕಾಯಿದೆ ಹಾಗಿರಲಿ, ನೂರಾರು ವರ್ಷ ಬೆಳೆದದ್ದನ್ನು ಕಿತ್ತು ತಂದು ಮೂರು ವಾರದಲ್ಲಿ ಕೊಳೆಯಿಸುವುದು ನಮಗೆ ಸರಿಬೀಳುವುದಿಲ್ಲ. ಕೃತಕ ಕಲ್ಲಿನ ಮೇಲೂ ಸೂಕ್ಷ್ಮಜೀವಿಗಳು ಅಷ್ಟೇ ಚೆನ್ನಾಗಿ ಬೆಳೆಯುವವು. ಪಟ್ಟೆಯ ಮೀನುಗಳನ್ನಾದರೋ ನಮ್ಮ ದೇಶದಲ್ಲಿಯೇ ತೊಟ್ಟಿಗಳಲ್ಲಿ ಮರಿಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ರೂಢಿಸಿದ್ದಾರೆ. ಅಂತಹ ಮರಿಯನ್ನೇ ಕೇಳಿ ಕೊಂಡರೆ ಅದು ಕಡಲಿನಿಂದ ಹಿಡಿದದ್ದಕ್ಕಿಂತ ಚೆನ್ನಾಗಿ ತೊಟ್ಟಿಗೆ ಒಗ್ಗುವುದು.

ಕಡೆಯದಾಗಿ ವಿದ್ಯುತ್ತಿನ ವಿಚಾರವನ್ನು ಹೇಳಬೇಕು. ಹಳ್ಳಿಗಳಲ್ಲಿ ಅದು ಹೋಗುವ ಹೊತ್ತು ಹೇಳಿ ಹೋಗುವುದಿಲ್ಲ. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಹೆಣ್ಣುಮಗಳು ಟಾರ್ಕೀ ಎಂಬ ಕಡಲೂರಿನಿಂದ ಹವಳದ ಜಾತಿಯ ಪ್ರಾಣಿಗಳನ್ನು ಲಂಡನ್ನಿಗೆ ಒಯ್ದು ಮನೆಯಲ್ಲಿ ಸಾಕಿದಳು. ಆಗ ಪಂಪು ಎಲ್ಲಿಯದು? ಮನೆಗೆಲಸದ ಹುಡುಗಿಯು ತೆರೆದ ಕಿಟಕಿಯ ಮುಂದೆ ನಿಂತು, ದಿನವೂ ಅರ್ಧ ಮುಕ್ಕಾಲು ಗಂಟೆಯ ಹೊತ್ತು, ಆ ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹುಯ್ಯುತ್ತಿದ್ದಳಂತೆ. ಹೆಸರು ಬಂದದ್ದು ಒಡತಿಗೆ. ರಟ್ಟೆ ನೊಂದದ್ದು ಹುಡುಗಿಗೆ. ಆದರೆ ಆ ಉಪಾಯವು ಇಂದಿಗೂ ಕೆಟ್ಟಿಲ್ಲ. ಪಂಪು ನಿಂತು ಕೆಲವು ಗಂಟೆಗಳಾದರೆ, ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯಂತ್ರವು ಮನೆಯಲ್ಲಿಲ್ಲದವರು, ಸಾಬೂನು ಮುಟ್ಟದ ಸ್ಟೀಲಿನ ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ ಗೇಣೆತ್ತರದಿಂದ ಹತ್ತಿಪ್ಪತ್ತು ಸಲ ಸುರಿಯಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ಮಾಡುತ್ತಿದ್ದರೆ ಮೀನುಗಳು ತಾಳಿಕೊಳ್ಳುವವು. ಆ ಹೊತ್ತಿನಲ್ಲಿ ಆಹಾರವನ್ನು ಹಾಕಬಾರದು.

ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿಯನ್ನಿಟ್ಟು ನೀರನ್ನು ಮೇಲೆತ್ತುವ ಏರ್ಪಾಡು ಮಾಡಿಕೊಂಡವರು ಮತ್ತೊಂದನ್ನು ಗಮನಿಸಬೇಕು. ವಿದ್ಯುತ್ತು ಹೋದೊಡನೆ ಮೇಲಿನ ನೀರಿನಲ್ಲಿ ಒಂದು ಪಾಲು ತಾನಾಗಿ ಕೆಳಗಿಳಿಯುವುದು. ಕೆಳಗಿನದು ಕಂಠಪೂರ್ತಿ ತುಂಬಿದ್ದರೆ ಉಪ್ಪುನೀರು ಪಡಸಾಲೆಯಲ್ಲಿ ಹರಿಯುವುದು. ಹೂಡಿದ ದಿನವೇ ಹಗಲು ಹೊತ್ತಿನಲ್ಲಿ ಪಂಪಿನ ಗುಂಡಿಯನ್ನು ನೀವೇ ಆರಿಸಿ, ಎಷ್ಟು ನೀರು ಇಳಿಯುವುದೆಂದು ನೋಡಿ, ಅದಕ್ಕೆ ಎಡೆಯುಳಿಯುವಂತೆ ಕೆಳಗಿನ ತೊಟ್ಟಿಯ ಗಾಜಿನ ಮೇಲೆ ಅಳಿಸದ ಶಾಯಿಯಿಂದ ಒಂದು ಗೆರೆಯನ್ನು ಎಳೆದಿಡಿರಿ. ಪಂಪು ನಡೆಯುವಾಗ ನೀರು ಆ ಗೆರೆಯನ್ನು ದಾಟದಂತೆ ನೋಡಿಕೊಂಡರೆ, ರಾತ್ರಿ ದೀಪ ಹೋದಾಗ ಮನೆಯವರು ಎದ್ದು ನೆಲ ಒರೆಸಬೇಕಾಗಿಲ್ಲ.